ಗಾಡಿಯ ಹೊಟ್ಟೆ ನೆಲಕ್ಕೆ ಯಾಕೆ ಬಡಿಯುತ್ತದೆ? – ಒಂದು ಅಳತೆಯ ಪಾಠ



ಈ ಸಲದ ಗೋಡೆ ಪತ್ರಿಕೆಗೆ ನಾನು ವಿಜ್ಞಾನ ಮತ್ತು ಗಣಿತ ಎರಡೂ ಸೇರಿದ ಒಂದು ವಿಷಯ ಆರಿಸಿಕೊಂಡಿದ್ದೇನೆ. ಅದು ನಾವು ದಿನಾಲೂ ನೋಡುವ ವಿಷಯ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನ ಹಳ್ಳಿ ದಾರಿಯಲ್ಲಿ ಕಾರು ಹೋಗುವಾಗ ಕೆಳಗಿನಿಂದ "ಖರ್ರ್" ಅಂತ ಸಪ್ಪಳ ಬರುತ್ತದೆ. ಆಗ ಒಳಗೆ ಕುಂತವರು "ಚೇಂಬರ್ ಬಡೀತು ನೋಡು" ಅನ್ನುತ್ತಾರೆ. ಯಾಕೆ ಬಡೀತು? ಎಷ್ಟು ಎತ್ತರ ಇದ್ದರೆ ಬಡಿಯುತ್ತಿರಲಿಲ್ಲ? ಎತ್ತರ ಮಾಡಬಹುದೆ? ಮಾಡಬೇಕೆ? ಇವಿಷ್ಟನ್ನು ಟೇಪು, ಪಟ್ಟಿ ಮತ್ತು ಹತ್ತನೇ ತರಗತಿಯ ಲೆಕ್ಕ ಹಿಡಿದು ತಿಳಿದುಕೊಳ್ಳೋಣ.

ನೆಲದ ಅಂತರ ಎಂದರೇನು?

ಗಾಡಿ ಸಪಾಟು ನೆಲದ ಮೇಲೆ ನಿಂತಾಗ, ಅದರ ಹೊಟ್ಟೆಯ ಕೆಳಗೆ ಎಲ್ಲಕ್ಕಿಂತ ತಗ್ಗಿಗೆ ಇರುವ ಭಾಗಕ್ಕೂ ನೆಲಕ್ಕೂ ನಡುವಿನ ಅಂತರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಇದನ್ನು ನಾನು 'ನೆಲದ ಅಂತರ' ಎಂದು ಕರೆಯುತ್ತೇನೆ. ತಗ್ಗಿನ ಭಾಗ ಯಾವುದು? ಮುಂದೆ ಇಂಜಿನ್ ಎಣ್ಣೆ ಇರುವ ಬೋಗುಣಿ, ಅದಕ್ಕೇ ಮೆಕ್ಯಾನಿಕರು ಚೇಂಬರ್ ಅನ್ನುವುದು. ನಡುವೆ ಹೊಗೆ ಪೈಪು. ಹಿಂದೆ ಸೈಲೆನ್ಸರ್ ಡಬ್ಬಿ ಮತ್ತು ಎಣ್ಣೆ ಟಾಕಿ. ಇವುಗಳಲ್ಲಿ ಚೇಂಬರ್ ಒಡೆದರೆ ಬಹಳ ಕಷ್ಟ. ಇಂಜಿನ್ ಎಣ್ಣೆ ಸೋರಿ ಹೋಗುತ್ತದೆ. ಮುಂದಿನ ಫಲಕದಲ್ಲಿ ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪ ಹತ್ತಿದರೆ ಅದೇ ಜಾಗದಲ್ಲಿ ಇಂಜಿನ್ ಬಂದ್ ಮಾಡಬೇಕು. "ಇನ್ನೊಂದು ಸ್ವಲ್ಪ ಹೋಗೋಣ" ಅಂದರೆ ಇಂಜಿನ್ನೇ ಹಿಡಿದುಕೊಂಡು ಬಿಡುತ್ತದೆ.

ಸ್ಟೇಷನ್ ವ್ಯಾಗನ್ ಅಂದರೆ ಯಾವ ಗಾಡಿ?

ಕುಟುಂಬದವರೂ ಸಾಮಾನೂ ಒಟ್ಟಿಗೆ ಹಿಡಿಸುವ ಉದ್ದನೆಯ ಕಾರಿಗೆ ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂತು. ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಗಂಟುಮೂಟೆಗಳನ್ನೂ ಹೊತ್ತು ತರುತ್ತಿದ್ದ ಗಾಡಿ ಎಂಬ ಅರ್ಥದಲ್ಲಿ ಆ ಹೆಸರು. ನಮ್ಮ ದೇಶದಲ್ಲಿ 1992ರಲ್ಲಿ ಟಾಟಾ ಎಸ್ಟೇಟ್, 2004ರಲ್ಲಿ ಟಾಟಾ ಇಂಡಿಗೋ ಮರೀನಾ ಎಂಬ ಇಂಥ ಗಾಡಿಗಳು ಬಂದವು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. 1994ರ ಸುಮೋ, 2000ದ ಕ್ವಾಲಿಸ್ ಮುಂತಾದವು ಆ ಜಾಗ ಹಿಡಿದವು. ಈಗ ನಮ್ಮ ಕಡೆ ಏಳು ಸೀಟಿನ ಗಾಡಿಗಳೇ ಮನೆಮಂದಿಯ ಗಾಡಿ. ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ, ಘತ್ತರಗಿ ಭಾಗ್ಯವಂತಿ ದೇವಿಗೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗುವ ಮಂದಿಯ ಗಾಡಿಗಳನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಗಾಡಿ ಉದ್ದವಾದಷ್ಟು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ ಹೆಚ್ಚು. ಇದಕ್ಕೆ ವೀಲ್‌ಬೇಸ್ ಎಂದು ಹೆಸರು. ಬೊಲೆರೊಗೆ 2680 ಮಿ.ಮೀ., ಎರ್ಟಿಗಾಕ್ಕೆ 2740 ಮಿ.ಮೀ., 2005ರಲ್ಲಿ ಬಂದ ಇನ್ನೋವಾಕ್ಕೆ 2750 ಮಿ.ಮೀ. ಅಂದರೆ ಎಲ್ಲವೂ ಸುಮಾರು 2.7 ಮೀಟರ್. ಈ ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ದಾರಿಗಳ ಗುಣ

ನಮ್ಮ ಭಾಗದ ಹೊಲ ಹೆಚ್ಚಿನವು ಎರಿ ಭೂಮಿ. ಈ ಕರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಾಗಾಗಿ ಡಾಂಬರು ಹಾಕಿದ ದಾರಿ ಕೂಡ ಅಲೆ ಅಲೆಯಾಗಿ ಏಳುತ್ತದೆ. ಕಬ್ಬಿನ ಸುಗ್ಗಿಯಲ್ಲಿ ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಓಡಾಡಿ ಮಣ್ಣಿನ ದಾರಿಯಲ್ಲಿ ಎರಡು ಆಳವಾದ ಜಾಡು ಬೀಳುತ್ತವೆ. ನಡುವೆ ದಿಣ್ಣೆ ಉಳಿಯುತ್ತದೆ. ಮಳೆ ನಿಂತ ಮೇಲೆ ಅದೇ ದಿಣ್ಣೆ ಕಲ್ಲಿನಂಗೆ ಗಟ್ಟಿ. ಟ್ರ್ಯಾಕ್ಟರ್‌ಗೆ ಇದರ ತೊಂದರೆ ಇಲ್ಲ, ಅದರ ಗಾಲಿ ದೊಡ್ಡದು, ಹೊಟ್ಟೆ ಎತ್ತರ. ಕಾರಿನ ಗಾಲಿ ಮಾತ್ರ ಜಾಡಿನಲ್ಲಿ ಇಳಿಯುತ್ತದೆ, ಹೊಟ್ಟೆ ದಿಣ್ಣೆ ಮೇಲೆ ಕೂರುತ್ತದೆ. ಜೇವರ್ಗಿ ಕಡೆ ಕಾಲುವೆ ಇರುವ ಊರುಗಳಲ್ಲಿ ಸಣ್ಣ ಸೇತುವೆಗಳ ನೆತ್ತಿ ಚೂಪಾಗಿರುತ್ತದೆ. ಅಲ್ಲಿ ಮುಂದಿನ ಗಾಲಿ ಆಚೆ ಇಳಿದಾಗ ಹಿಂದಿನ ಗಾಲಿ ಈಚೆ ಇರುತ್ತದೆ, ಹೊಟ್ಟೆ ಸೇತುವೆಯ ನೆತ್ತಿಗೆ ತಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಬಡಿಯುವುದು ಊರೊಳಗಿನ ಹಂಪ್. ನಮ್ಮೂರ ಅಗಸಿ ಹತ್ತಿರ ಒಂದು ಹಂಪ್ ಅದ. ಎರಡು ವರ್ಷದ ಹಿಂದೆ ಒಂದನೇ ತರಗತಿಯ ಹುಡುಗನೊಬ್ಬನಿಗೆ ಮೋಟರ್ ಸೈಕಲ್ ಬಡಿದು ಕಾಲು ಮುರಿಯಿತು. ಅದರ ಮರುವಾರ ಊರ ಮಂದಿ ಸಿಟ್ಟಿನಿಂದ ಒಂದೇ ರಾತ್ರಿಯಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಹಂಪ್ ಅದು. ಆಮೇಲೆ ಅಲ್ಲಿ ಯಾವ ಮಗುವಿಗೂ ಗಾಡಿ ಬಡಿದಿಲ್ಲ. ಹಂಪ್ ಬೇಕೇ ಬೇಕು. ಆದರೆ ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರಿಗೆ ಹೆರಿಗೆ ಬ್ಯಾನಿ ಹತ್ತಿದಾಗ ಮಾಮಾನ ಏಳು ಸೀಟಿನ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ಯಬೇಕಾಯಿತು. ಗಾಡಿ ತುಂಬ ಮಂದಿ. ಹಂಪ್ ಮೇಲೆ ಗಾಡಿ ಕುಂತೇ ಬಿಟ್ಟಿತು. ಎಲ್ಲರೂ ಇಳಿದರು. ಕೊನೆಗೆ ಆ ಅಕ್ಕನೂ ಇಳಿದು, ಇಬ್ಬರ ಹೆಗಲ ಮೇಲೆ ಕೈ ಹಾಕಿ, ಮಳೆಯಲ್ಲಿ ಇಪ್ಪತ್ತು ಹೆಜ್ಜೆ ನಡೆದು ಮತ್ತೆ ಹತ್ತಬೇಕಾಯಿತು. ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ. ಆದರೆ ಮಾಮಾನಿಗೆ ಆ ದಿನ ಮನಸ್ಸಿಗೆ ಹತ್ತಿತು.

"ತಮ್ಮಾ, ಗಾಡಿ ಎತ್ತರಿಸಿ ಬಿಡ್ತೀನಿ. ಸ್ಪ್ರಿಂಗಿನ ಮ್ಯಾಲ ಮೂರು ಸೆಂಟಿಮೀಟರಿನ ಗುಂಡ ಹಾಕ್ತಾರಂತ" ಎಂದರು ಮಾಮಾ.

"ಮಾಮಾ, ಮೊದಲ ಎಷ್ಟು ಅದ ಅಂತ ಅಳದು ನೋಡೋಣ. ಎಲ್ಲಿ ಕಡಿಮಿ ಆಗ್ಯಾದ ಅಂಬೋದು ತಿಳೀತದ" ಎಂದೆ ನಾನು. ಮಾಮಾ ಒಪ್ಪಿದರು.

ನಾವು ಅಳೆದ ರೀತಿ

ಫರ್ಸಿ ಹಾಸಿದ ಸಪಾಟು ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ನಾಲ್ಕೂ ಗಾಲಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿದೆವು. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಬಂದ್ ಮಾಡಿ ಆರಲು ಬಿಟ್ಟೆವು. ಗಾಡಿ ಕೆಳಗೆ ಯಾರೂ ನುಸುಳಲಿಲ್ಲ. ಒಂದು ಉದ್ದ ಕಟ್ಟಿಗೆ ಪಟ್ಟಿಯ ತುದಿಗೆ ಚಾಕ್‌ಪೀಸ್ ಡಬ್ಬಿಗಳನ್ನೂ ರಟ್ಟುಗಳನ್ನೂ ಒಂದರ ಮೇಲೊಂದು ಇಟ್ಟು ಕೆಳಗೆ ಸರಿಸಿದೆವು. ಅದು ತಾಗಿಯೂ ತಾಗದಂತೆ ಹೋಗುವ ಎತ್ತರವನ್ನು ಹೊರಗೆ ತೆಗೆದು ಅಳೆದೆವು. ಅಳತೆಗಳು ಸೆಂಟಿಮೀಟರಿನಲ್ಲಿ ಹೀಗಿವೆ:

ಖಾಲಿ ಗಾಡಿ – ಮುಂದೆ ಚೇಂಬರ್ ಕೆಳಗೆ 17.8, ನಡುವೆ ಪೈಪಿನ ಕೆಳಗೆ 17.5, ಹಿಂದೆ ಸೈಲೆನ್ಸರ್ ಕೆಳಗೆ 19.0

ಏಳು ಮಂದಿ ಕುಂತಾಗ – ಮುಂದೆ 16.6; ನಡುವೆ 14.9, ಹಿಂದೆ 14.9

ಏಳು ಮಂದಿ ಮತ್ತು ಡಿಕ್ಕಿಯಲ್ಲಿ 50 ಕಿಲೋ ತೊಗರಿ ಚೀಲ – ಮುಂದೆ 16.7, ನಡುವೆ 14.4, ಹಿಂದೆ 13.6

ಈ ಅಂಕಿಗಳನ್ನು ಸಾವಕಾಶ ಓದಿರಿ. ಇವುಗಳಲ್ಲಿ ಮೂರು ಪಾಠ ಇವೆ.

ಮೊದಲನೆಯದು: ಖಾಲಿ ಇದ್ದಾಗ ತಗ್ಗಿನ ಜಾಗ ನಡುವಿನ ಪೈಪು. ತುಂಬಿದಾಗ ತಗ್ಗಿನ ಜಾಗ ಹಿಂದಿನ ಸೈಲೆನ್ಸರ್. ಅಂದರೆ ತಗ್ಗಿನ ಭಾಗವೇ ಬದಲಾಯಿತು! ಕಂಪನಿಯ ಪುಸ್ತಕದಲ್ಲಿ ಒಂದೇ ಅಂಕಿ ಬರೆದಿರುತ್ತಾರೆ. ಆ ಅಂಕಿ ಖಾಲಿ ಗಾಡಿಯದೋ ತುಂಬಿದ ಗಾಡಿಯದೋ ಎಂದು ಕೇಳಬೇಕು. ದವಾಖಾನೆಗೆ ಹೋಗುವಾಗ ಗಾಡಿ ಖಾಲಿ ಇರುವುದಿಲ್ಲ. ಆವತ್ತು ಉಳಿಯುವ ಅಂತರವೇ ನಮ್ಮ ನಿಜವಾದ ಅಂತರ.

ಎರಡನೆಯದು: ಏಳು ಮಂದಿಯಿಂದ ಮುಂಭಾಗ 1.2 ಸೆಂ.ಮೀ. ಮಾತ್ರ ಇಳಿಯಿತು, ಹಿಂಭಾಗ 4.1 ಸೆಂ.ಮೀ. ಇಳಿಯಿತು. ಸ್ಪ್ರಿಂಗು ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಷ್ಟು ಕುಗ್ಗುತ್ತದೆ. ಭಾರ ಎರಡು ಪಟ್ಟಾದರೆ ಕುಗ್ಗುವುದೂ ಎರಡು ಪಟ್ಟು. ಇದು ಹುಕ್‌ನ ನಿಯಮ. ಎರಡನೇ ಮತ್ತು ಮೂರನೇ ಸಾಲಿನ ಮಂದಿಯ ಭಾರ ಹೆಚ್ಚಾಗಿ ಹಿಂದಿನ ಸ್ಪ್ರಿಂಗಿಗೇ ಬೀಳುತ್ತದೆ.

ಮೂರನೆಯದು ಬಹಳ ಮಜಾ ಅದ. ತೊಗರಿ ಚೀಲ ಇಟ್ಟ ಮೇಲೆ ಹಿಂಭಾಗ 1.3 ಸೆಂ.ಮೀ. ಇಳಿಯಿತು, ಆದರೆ ಮುಂಭಾಗ 0.1 ಸೆಂ.ಮೀ. ಎದ್ದಿತು! ಯಾಕೆ? ಡಿಕ್ಕಿ ಇರುವುದು ಹಿಂದಿನ ಗಾಲಿಗಿಂತ ಹಿಂದೆ. ಹಿಂದಿನ ಗಾಲಿಯೇ ಆನಿಕೆ, ಗಾಡಿಯೇ ಸನ್ನೆಕೋಲು. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ಹಿಂದೆ ಭಾರ ತುಂಬಿದ ಗಾಡಿಯ ದೀಪ ರಾತ್ರಿ ಎದುರಿನವರ ಕಣ್ಣಿಗೆ ಕುಕ್ಕುವುದೂ ಇದೇ ಕಾರಣಕ್ಕೆ.

ಹಂಪಿನ ಲೆಕ್ಕ

ಹಂಪ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲಿಯೇ ಒಂದು ಅಳತೆ ಹಾಕಿಕೊಟ್ಟಿದೆ. ಅದು ದುಂಡಗಿನ ಹಂಪ್: ದಾರಿಯ ಉದ್ದಕ್ಕೆ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ., ತ್ರಿಜ್ಯ 17 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕದ್ದು.

ಈ ಮೂರು ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ, ವೃತ್ತದ ಪಾಠದಿಂದ ಪರೀಕ್ಷಿಸೋಣ. ಜ್ಯಾದ ಉದ್ದ 'ಜ', ಕಂಸದ ಎತ್ತರ 'ಎ' ಆದರೆ,

ತ್ರಿಜ್ಯ = (ಜ × ಜ) ÷ (8 × ಎ) + ಎ ÷ 2
= (3.7 × 3.7) ÷ (8 × 0.10) + 0.05
= 13.69 ÷ 0.8 + 0.05
= 17.16 ಮೀಟರ್

ನೋಡಿರಿ, ಸರಿಯಾಗಿ ಹೊಂದಿತು. ಪೈಥಾಗೊರಸನ ಪ್ರಮೇಯದಿಂದ ಈ ಸೂತ್ರ ಬರುತ್ತದೆ, ನೀವೇ ಸಾಧಿಸಿ ನೋಡಿರಿ.

ಈಗ ಈ ಹಂಪ್ ಮೇಲೆ ನಮ್ಮ ಗಾಡಿ ನಿಂತಿದೆ ಎಂದುಕೊಳ್ಳಿ. ಹಂಪಿನ ಅಗಲ 3.7 ಮೀ., ವೀಲ್‌ಬೇಸ್ 2.7 ಮೀ. ಅಂದರೆ ಮುಂದಿನ ಗಾಲಿ, ಹಿಂದಿನ ಗಾಲಿ ಎರಡೂ ಹಂಪಿನ ಮೇಲೇ ಇರುತ್ತವೆ. ಹಂಪ್ ತನ್ನ ಮೇಲೆ ಗಾಡಿಯನ್ನು ತಾನೇ ಎತ್ತಿ ಹಿಡಿಯುತ್ತದೆ! ಹೊಟ್ಟೆಯ ಕಡೆಗೆ ಹಂಪ್ ಎಷ್ಟು ಮೇಲೆ ಬರುತ್ತದೆ?

(2.7 × 2.7) ÷ (8 × 17) = 7.29 ÷ 136 = 0.054 ಮೀ. = 5.4 ಸೆಂ.ಮೀ.

ತುಂಬಿದ ಗಾಡಿಯ ನಡುವಿನ ಅಂತರ 14.4 ಸೆಂ.ಮೀ. ಅದರಲ್ಲಿ 5.4 ಕಳೆದರೆ 9 ಸೆಂ.ಮೀ. ಉಳಿಯಿತು. ತೊಗರಿ ಚೀಲ ಇದ್ದರೂ ಹೊಟ್ಟೆ ಬಡಿಯುವುದಿಲ್ಲ.

ಈಗ ನಮ್ಮೂರ ಹಂಪ್. ನಾನು ಮತ್ತು ಇಬ್ಬರು ಗೆಳೆಯರು ಟೇಪು ಹಿಡಿದು ಅಳೆದೆವು. ಎತ್ತರ 20 ಸೆಂ.ಮೀ., ಅಗಲ 60 ಸೆಂ.ಮೀ. ಮಾತ್ರ. ಮುಂದಿನ ಗಾಲಿ ದಾಟಿ ಆಚೆ ನೆಲಕ್ಕೆ ಇಳಿದಾಗ ಹಿಂದಿನ ಗಾಲಿ ಇನ್ನೂ ಈಚೆ ನೆಲದ ಮೇಲೆ. ಹಂಪ್ ಪೂರ್ತಿ 20 ಸೆಂ.ಮೀ. ಹೊಟ್ಟೆಯ ಕೆಳಗೆ ನಿಂತುಕೊಂಡಿತು. ಗಾಡಿಯ ಬಳಿ ಇರುವುದು 14.4. ಕೊರತೆ 5.6 ಸೆಂ.ಮೀ. ಖಾಲಿ ಗಾಡಿಯ 17.5 ಕೂಡ ಸಾಲುವುದಿಲ್ಲ. ಮಾಮಾ 3 ಸೆಂ.ಮೀ. ಗುಂಡ ಹಾಕಿಸಿದರೂ 17.4 ಆಗುತ್ತದೆ, ಆಗಲೂ ಬಡಿಯುತ್ತದೆ. ಮೋಟರ್ ಸೈಕಲ್ಲಿನವನು ಮಾತ್ರ ಬದಿಯಲ್ಲಿ ಸರಿದು ಹೋಗುತ್ತಾನೆ. ಅಂದರೆ ಯಾರನ್ನು ತಡೆಯಲು ಕಟ್ಟಿದರೋ ಅವನು ನಿಲ್ಲುವುದಿಲ್ಲ, ಬಾಣಂತಿ ಗಾಡಿ ನಿಲ್ಲುತ್ತದೆ.

ಗಾಡಿ ಎತ್ತರಿಸುವ ದಾರಿಗಳು

ಮಾಮಾನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಒಂದೊಂದೇ ಉಪಾಯ ಬರೆದುಕೊಂಡೆ.

1. ಗಾಳಿ. ಇದು ಎಲ್ಲಕ್ಕಿಂತ ಸೋವಿ. ಗಾಳಿ ಕಡಿಮೆ ಇದ್ದ ಟೈರು ಚಪ್ಪಟೆಯಾಗಿ ಗಾಡಿಯನ್ನು ಕೆಳಗಿಳಿಸುತ್ತದೆ. ನಾವು ಅಳೆದಾಗ 0.6 ಸೆಂ.ಮೀ. ವ್ಯತ್ಯಾಸ ಬಂತು. ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಬರೆದಿರುತ್ತದೆ. ಅಷ್ಟೇ ಹಾಕಬೇಕು. ಹೆಚ್ಚು ಹಾಕಿದರೆ ಗಾಲಿಯ ಹಿಡಿತ ಕಡಿಮೆ.

2. ಭಾರ. ಚೀಲ ಇಳಿಸಿದರೆ ಹಿಂದೆ 1.3 ಸೆಂ.ಮೀ. ಪುಕ್ಕಟೆ ಸಿಗುತ್ತದೆ. ಚೀಲವನ್ನು ಗಾಡಿಯ ಮಾಳಿಗೆ ಮೇಲೆ ಕಟ್ಟಬಾರದು, ಯಾಕೆಂದು ಮುಂದೆ ಹೇಳುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಗಾಡಿಗೂ ಸಲ್ಲುತ್ತದೆ.

3. ದಣಿದ ಸ್ಪ್ರಿಂಗು. ವರ್ಷಾನುಗಟ್ಟಲೆ ಭಾರ ಹೊತ್ತ ಸ್ಪ್ರಿಂಗು ಕುಗ್ಗಿ ಮೊದಲಿನ ಎತ್ತರಕ್ಕೆ ಬರುವುದಿಲ್ಲ. ಇದನ್ನು ತಿಳಿಯುವ ಉಪಾಯ: ಗಾಲಿಯ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ಹಾಗೆ ಅಳೆದರೆ ಟೈರಿನ ಗಾಳಿಯ ಪರಿಣಾಮ ಲೆಕ್ಕದಲ್ಲಿ ಬರುವುದಿಲ್ಲ. ಮಾಮಾನ ಗಾಡಿಯಲ್ಲಿ ಹಿಂದಿನ ಎಡಗಡೆ ಬಲಗಡೆಗಿಂತ 1 ಸೆಂ.ಮೀ. ತಗ್ಗಿತ್ತು. ಕಲಬುರಗಿಯ ಒಬ್ಬ ಮೆಕ್ಯಾನಿಕ್ ನೋಡಿ "ಎರಡೂ ಸ್ಪ್ರಿಂಗು ಕುಂತಾವ" ಎಂದರು. ಅದೇ ನಂಬರಿನ ಹೊಸ ಸ್ಪ್ರಿಂಗು ಎರಡೂ ಕಡೆ ಹಾಕಿಸಿದ ಮೇಲೆ ಹಿಂಭಾಗ 1.7 ಸೆಂ.ಮೀ. ಎದ್ದಿತು. ಒಂದೇ ಕಡೆ ಹಾಕಿಸಬಾರದು, ಗಾಡಿ ವಾಲುತ್ತದೆ.

4. ದೊಡ್ಡ ಟೈರು. ಟೈರಿನ ಮೇಲೆ 185/65 R15 ಎಂದು ಬರೆದಿದ್ದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇಕಡಾ 65, ಅಂದರೆ 120.25 ಮಿ.ಮೀ., ಒಳಗಿನ ರಿಮ್ಮು 15 ಇಂಚು. ಇದರ ಬದಲು 195/65 R15 ಹಾಕಿದರೆ ಗೋಡೆ 126.75 ಮಿ.ಮೀ. ಲಾಭ 6.5 ಮಿ.ಮೀ. ಅಷ್ಟೇ. ಇಡೀ ಗಾಲಿಯ ವ್ಯಾಸ 621.5ರಿಂದ 634.5 ಮಿ.ಮೀ. ಆಗುತ್ತದೆ, ಅಂದರೆ ಸುಮಾರು ಶೇಕಡಾ 2 ಹೆಚ್ಚು. ಮೀಟರು ಮೊದಲು ತೋರಿಸುತ್ತಿದ್ದಕ್ಕಿಂತ ಅಷ್ಟು ಕಡಿಮೆ ತೋರಿಸತೊಡಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ತಿಕ್ಕುತ್ತದೆಯೇ ಎಂದೂ ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ಜೀಪು, ಬೊಲೆರೊದಂಥ ಗಾಡಿಗಳ ಹಿಂದೆ ಪಾಟಾ ಸ್ಪ್ರಿಂಗು ಇದ್ದು, ಒಂದೇ ಗಟ್ಟಿ ಎಕ್ಸೆಲ್ ಎರಡೂ ಗಾಲಿಗಳನ್ನು ಕೂಡಿಸುತ್ತದೆ. ಎಕ್ಸೆಲ್ಲಿನ ನಡುವಿನ ಗುಂಡು ಡಬ್ಬಿಯೇ ಅಲ್ಲಿ ತಗ್ಗಿನ ಭಾಗ. ಅದು ಗಾಲಿಗೆ ಕೂಡಿದ್ದು, ಸ್ಪ್ರಿಂಗಿನ ಕೆಳಗೆ ಇದೆ. ಎಷ್ಟು ಪಾಟಾ ಹೆಚ್ಚಿಸಿದರೂ ಆ ಡಬ್ಬಿ ಒಂದು ಕೂದಲಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ತಗ್ಗಿನ ಭಾಗ ಯಾವುದು ಎಂದು ತಿಳಿಯದೆ ಖರ್ಚು ಮಾಡಿದರೆ ರೊಕ್ಕ ನೀರಾಗುತ್ತದೆ.

5. ಗುಂಡ ಹಾಕುವುದು. ಸ್ಪ್ರಿಂಗಿನ ಮೇಲೆ ಅಥವಾ ಕೆಳಗೆ ರಬ್ಬರು, ಲೋಹದ ಬಿಲ್ಲೆ ಇಡುವುದು ಇದು. ಕೆಲವರು ಸ್ಪ್ರಿಂಗಿನ ಸುತ್ತುಗಳ ನಡುವೆಯೇ ರಬ್ಬರು ತುರುಕುತ್ತಾರೆ. ಆಗ ಆ ಸುತ್ತು ಕುಗ್ಗುವುದಿಲ್ಲ, ಉಳಿದ ಸುತ್ತುಗಳ ಮೇಲೆ ಜುಲುಮೆ ಬೀಳುತ್ತದೆ. ಮುಂದಿನ ಗಾಲಿಗೆ ಶಕ್ತಿ ಒಯ್ಯುವ ದಂಡ ಸೊಟ್ಟಗಾಗಿ ಅದರ ಕೀಲು ಬೇಗ ಸವೆಯುತ್ತದೆ. ಬ್ರೇಕಿನ ರಬ್ಬರ್ ನಳಿಗೆ ಎಳೆತ ಬೀಳುತ್ತದೆ.

ಎತ್ತರದ ಬೆಲೆ

ಒಂದು ಕಡ್ಡಿಪೆಟ್ಟಿಗೆಯನ್ನು ಮಲಗಿಸಿ ಬೆರಳಿನಿಂದ ದೂಡಿರಿ, ಜಾರುತ್ತದೆ. ನಿಲ್ಲಿಸಿ ದೂಡಿರಿ, ಉರುಳುತ್ತದೆ. ಗಾಡಿಯೂ ಹಾಗೆಯೇ. ಎಡ ಬಲ ಗಾಲಿಗಳ ನಡುವಿನ ದೂರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದರ ಒಂದು ಅಂದಾಜು ಸಿಗುತ್ತದೆ. ಉದಾಹರಣೆಗೆ ಗಾಲಿಗಳ ದೂರ 150 ಸೆಂ.ಮೀ., ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. 75 ÷ 60 = 1.25. ಗಾಡಿಯನ್ನು 5 ಸೆಂ.ಮೀ. ಎತ್ತರಿಸಿದರೆ 75 ÷ 65 = 1.15. ಅಂಕಿ ಇಳಿದಷ್ಟು ತಿರುವಿನಲ್ಲಿ ಉರುಳುವ ಭಯ ಹೆಚ್ಚು. ಮಾಳಿಗೆ ಮೇಲೆ ಚೀಲ ಕಟ್ಟಿದರೂ ಇದೇ ಆಗುತ್ತದೆ. ಹೊಟ್ಟೆ ಬಡಿದರೆ ಪೈಪು ಹೋಗುತ್ತದೆ, ಗಾಡಿ ಉರುಳಿದರೆ ಜೀವ ಹೋಗುತ್ತದೆ.

ಹೊರದೇಶದಲ್ಲಿಯೂ ಈ ವಿಚಾರ ನಡೆದಿದೆ. 1990ರ ದಶಕದಲ್ಲಿ ಜಪಾನಿನ ಸುಬಾರು ಕಂಪನಿ ತನ್ನ ಲೆಗಸಿ ಎಂಬ ಸ್ಟೇಷನ್ ವ್ಯಾಗನ್ನನ್ನು ಎತ್ತರಿಸಿ ಔಟ್‌ಬ್ಯಾಕ್ ಎಂದು ಮಾರಿತು. ಆದರೆ ಅದು ಕಾರ್ಖಾನೆಯಲ್ಲಿಯೇ ಲೆಕ್ಕ ಹಾಕಿ ಮಾಡಿದ ಕೆಲಸ. ಒಂದು ಗುಂಡ ತುರುಕಿ ಮಾಡುವ ಕೆಲಸ ಅಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆ ಆಗುವಂತೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಲಮನ್ನು ಎತ್ತಿ ಹಿಡಿದಿದೆ. ಏನಾದರೂ ಬದಲಾಯಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ಹಾಗಾದರೆ ಮಾಮಾ ಏನು ಮಾಡಿದರು?

ಲೆಕ್ಕ ನೋಡಿ ಮಾಮಾ ಗುಂಡ ಹಾಕಿಸುವುದನ್ನು ಬಿಟ್ಟರು. ಹೊಸ ಸ್ಪ್ರಿಂಗಿನಿಂದ 1.7, ಚೀಲ ಬಿಟ್ಟಿದ್ದರಿಂದ 1.3, ಒಟ್ಟು 3 ಸೆಂ.ಮೀ. ಹಿಂದೆ ಸಿಕ್ಕಿತು. ಏಳು ಮಂದಿ ಕುಂತಾಗ 13.6 ಇದ್ದ ಜಾಗ 16.6 ಆಯಿತು. ಗುಂಡದಿಂದ ಸಿಗುವಷ್ಟೇ ಅದ! ಗಾಡಿಯ ಮೂಲ ರೂಪವೂ ಕೆಡಲಿಲ್ಲ. ಈಗ ಮಾಮಾ ಹೇಳುವುದು, "ಚೀಲ ಟ್ರ್ಯಾಕ್ಟರಿನ್ಯಾಗ ಬರ್ಲಿ, ಮಂದಿ ಗಾಡ್ಯಾಗ ಬರ್ಲಿ."

ಓಡಿಸುವವರಿಗೆ ನಾಲ್ಕು ಮಾತು

ಹಂಪಿನ ಮೇಲೆ ಹತ್ತುವಾಗ ಬ್ರೇಕ್ ಒತ್ತಿ ಹಿಡಿಯಬಾರದು. ಬ್ರೇಕ್ ಒತ್ತಿದಾಗ ಗಾಡಿಯ ಮೂಗು ಬಾಗುತ್ತದೆ, ಚೇಂಬರ್ ನೆಲಕ್ಕೆ ಹತ್ತಿರ ಬರುತ್ತದೆ. ಮೊದಲೇ ನಿಧಾನ ಮಾಡಿ, ಹಂಪಿಗೆ ಬಂದಾಗ ಬ್ರೇಕ್ ಬಿಟ್ಟು ಸಾವಕಾಶ ಏರಬೇಕು.

ಒಣ ಜಾಡಿನ ದಾರಿಯಲ್ಲಿ ಗಾಲಿ ಜಾಡಿಗೆ ಇಳಿಸಬಾರದು. ಒಂದು ಗಾಲಿ ನಡುವಿನ ದಿಣ್ಣೆ ಮೇಲೆ, ಇನ್ನೊಂದು ದಾರಿಯ ಅಂಚಿನ ಮೇಲೆ ಇಟ್ಟು ಹೋದರೆ ಜಾಡು ಹೊಟ್ಟೆಯ ಕೆಳಗೆ ಬರುತ್ತದೆ, ದಿಣ್ಣೆ ಬರುವುದಿಲ್ಲ.

ಹಸಿ ಎರಿ ಮಣ್ಣಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಗಾಲಿಗೆ ಮಣ್ಣು ಮೆತ್ತಿ ಹಿಡಿತವೇ ಹೋಗುತ್ತದೆ. ಎತ್ತರ ಎಷ್ಟಿದ್ದರೂ ಗಾಡಿ ಜಾರುತ್ತದೆ. ಗರಸು ಹಾಕಿದ ದಾರಿ ಹಿಡಿಯಬೇಕು, ಇಲ್ಲವೆ ಕಾಯಬೇಕು.

ನೆಲದ ಅಂತರ ಹೆಚ್ಚಿದೆ ಎಂದು ಹಳ್ಳದ ನೀರಿಗೆ ಗಾಡಿ ಇಳಿಸಬಾರದು. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಎಳೆದೊಯ್ಯಬಲ್ಲದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದು ನಮ್ಮ ಹಿರಿಯರಿಗೆ ನೆನಪಿದೆ.

ಹಂಪ್ ಸರಿ ಮಾಡುವ ಪಟ್ಟಿ

ಗಾಡಿಯ ಕೆಲಸ ಮುಗಿಯಿತು, ಆದರೆ ನಮ್ಮೂರ ಹಂಪಿನ ಕೆಲಸ ಬಾಕಿ ಇದೆ. ಒಂದು ಗಾಡಿ ಎತ್ತರಿಸಿದರೆ ಒಂದು ಮನೆಗೆ ಲಾಭ. ಹಂಪ್ ಸರಿ ಮಾಡಿದರೆ ಎಲ್ಲ ಗಾಡಿಗೂ, ಆಂಬುಲೆನ್ಸಿಗೂ ಲಾಭ. ಹಂಪ್ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ನೆತ್ತಿಯ 10 ಸೆಂ.ಮೀ. ಕಡಿದು, ಎರಡೂ ಕಡೆ ಇಳಿಜಾರು ಹಿಗ್ಗಿಸಿ, ದಾರಿಯ ಪೂರ್ತಿ ಅಡ್ಡಕ್ಕೆ ಹಾಕಬೇಕು. ಆಗ ಮೋಟರ್ ಸೈಕಲ್ಲಿಗೆ ಬದಿಯ ಸಂದಿ ಸಿಗುವುದಿಲ್ಲ, ಮಕ್ಕಳಿಗೂ ಕ್ಷೇಮ. ಗೌಂಡಿ ಕಾಕಾನಿಗೆ ಉಪಯೋಗವಾಗಲಿ ಎಂದು 17 ಮೀಟರ್ ತ್ರಿಜ್ಯದ ಹಂಪಿನ ಎತ್ತರಗಳನ್ನು ಲೆಕ್ಕ ಹಾಕಿ ಕೊಟ್ಟಿದ್ದೇನೆ. ನಡುವಿನ ಗೆರೆಯಿಂದ ಎರಡೂ ಕಡೆ ಇದೇ ಅಳತೆ:

ನಟ್ಟನಡುವೆ – ಎತ್ತರ 10 ಸೆಂ.ಮೀ.
ನಡುವಿನಿಂದ ಅರ್ಧ ಮೀಟರ್ – 9.3 ಸೆಂ.ಮೀ.
ನಡುವಿನಿಂದ 1 ಮೀಟರ್ – 7.1 ಸೆಂ.ಮೀ.
ನಡುವಿನಿಂದ ಒಂದೂವರೆ ಮೀಟರ್ – 3.4 ಸೆಂ.ಮೀ.
ನಡುವಿನಿಂದ 1.85 ಮೀಟರ್ – 0, ಅಂದರೆ ದಾರಿಯ ಮಟ್ಟ

ಇದರ ಜೊತೆಗೆ ಹಂಪಿನ ಮೇಲೆ ಬಿಳಿ ಪಟ್ಟಿ ಬಳಿದು, ಸ್ವಲ್ಪ ದೂರ ಮೊದಲೇ ಒಂದು ಫಲಕ ನೆಡಬೇಕು. ಈ ಪಟ್ಟಿಯನ್ನು ಗುರುಗಳು ತಿದ್ದಿಕೊಟ್ಟರೆ ನಾವು ಹತ್ತನೇ ತರಗತಿಯವರೆಲ್ಲ ಸಹಿ ಮಾಡಿ ಮುಂದಿನ ಗ್ರಾಮಸಭೆಯಲ್ಲಿ ಊರ ಹಿರಿಯರ ಮುಂದೆ ಇಡುತ್ತೇವೆ.

ಮಾಡಿ ನೋಡಿರಿ

1. ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ನೆಲದ ಅಂತರವನ್ನು ಖಾಲಿ ಇದ್ದಾಗ ಒಮ್ಮೆ, ಮಂದಿ ಕುಂತಾಗ ಒಮ್ಮೆ ಅಳೆಯಿರಿ. ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿರಿ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿರಿ.

2. ನಿಮ್ಮ ಓಣಿಯ ಹಂಪಿನ ಎತ್ತರ ಮತ್ತು ಅಗಲ ಅಳೆದು, ಮೇಲಿನ ಸೂತ್ರದಿಂದ ತ್ರಿಜ್ಯ ಕಂಡುಹಿಡಿಯಿರಿ. ಅದು 17 ಮೀಟರಿಗೆ ಎಷ್ಟು ಹತ್ತಿರ ಇದೆ?

3. ಯೋಚಿಸಿ ಉತ್ತರಿಸಿರಿ: ವೀಲ್‌ಬೇಸ್ 2.4 ಮೀಟರ್ ಇರುವ ಸಣ್ಣ ಕಾರು 17 ಮೀಟರ್ ತ್ರಿಜ್ಯದ ಹಂಪ್ ಮೇಲೆ ನಿಂತರೆ ಹೊಟ್ಟೆಯ ಕೆಳಗೆ ಹಂಪ್ ಎಷ್ಟು ಸೆಂ.ಮೀ. ಮೇಲೆ ಬರುತ್ತದೆ? ಅದು 2.7 ಮೀಟರಿನ ಗಾಡಿಗಿಂತ ಹೆಚ್ಚೋ ಕಡಿಮೆಯೋ? ಯಾಕೆ?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಕಟ್ಟಿರುವ ಡಬ್ಬಿಯಲ್ಲಿ ಹಾಕಿರಿ. ಅಳತೆ ತಂದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.